ಹಳೆಯ ಸಾಲಿನಲ್ಲಿ ನಿಂತಿದ್ದ ಪತ್ರ

ಪ್ರಿಂಟರ್ ಸರಿಮಾಡುವುದು ನನ್ನ ಕೆಲಸ ಎಂದರೆ ಜನ ಮೊದಲು ನನ್ನ ಕೈ ನೋಡುತ್ತಾರೆ, ಎಲ್ಲಾದರೂ ಮಸಿ ಮೆತ್ತಿದೆಯೇ ಎಂದು. ಮಸಿ ಮೆತ್ತಿಕೊಳ್ಳುವ ಕೆಲಸ ಈಗ ಕಡಿಮೆ. ಹೆಚ್ಚಿನ ಸಲ ಯಂತ್ರದಲ್ಲಿ ಏನೂ ಕೆಟ್ಟಿರುವುದಿಲ್ಲ. ಕಂಪ್ಯೂಟರೂ ಪ್ರಿಂಟರೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಓರಗಿತ್ತಿಯರ ಹಾಗಿರುತ್ತವೆ. ಡ್ರೈವರ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಇರುತ್ತದೆ, ಇದರ ಮಾತನ್ನು ಅದಕ್ಕೆ ಮುಟ್ಟಿಸುವುದು ಅದರ ಕೆಲಸ. ಅದು ಕೆಟ್ಟರೆ ಹೇಳಿದ್ದು ಒಂದು, ಅಚ್ಚಾಗುವುದು ಇನ್ನೊಂದು. ಊರೂರು ತಿರುಗಿ ಅದನ್ನು ಸರಿಮಾಡಿಕೊಂಡು ಬರುವವಳು ನಾನು.

ನನ್ನ ತವರು ಮಧುರೆ ಹೋಬಳಿಯ ಒಂದು ಹಳ್ಳಿ. ಮನೆಯವರೆಲ್ಲ ಹೊಲದಲ್ಲಿ ದುಡಿದವರು. ನಾನು ಪಾಲಿಟೆಕ್ನಿಕ್ ಓದಿ ದೊಡ್ಡಬಳ್ಳಾಪುರದ ಒಂದು ಸರ್ವಿಸ್ ಏಜೆನ್ಸಿಗೆ ಸೇರಿದೆ. ಶಾಲೆ, ನರ್ಸಿಂಗ್ ಹೋಮ್, ಗಾರ್ಮೆಂಟ್ಸ್ ಆಫೀಸು, ಹೀಗೆ ನಲವತ್ತರ ಮೇಲೆ ಜಾಗಗಳ ಕಂಪ್ಯೂಟರುಗಳನ್ನು ವರ್ಷಪೂರ್ತಿ ನೋಡಿಕೊಳ್ಳುವ ಗುತ್ತಿಗೆ ಏಜೆನ್ಸಿಯದು. ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಒಂದು ದಿನ ಹೊಸಕೋಟೆ, ಇನ್ನೊಂದು ದಿನ ನೆಲಮಂಗಲ. ಮೊದಮೊದಲು ಖುಷಿಯಿತ್ತು. ನಾನು ಎರಡು ಕಡೆ ಒತ್ತಿ, ಒಂದು ನಂಬರ್ ತಿದ್ದಿದ ಮೇಲೆ ಯಂತ್ರ ಗರಗರ ಅಂದು ಹಾಳೆ ಹೊರಗೆ ಹಾಕಿದಾಗ ಸುತ್ತ ನಿಂತವರ ಮುಖ ಅರಳುತ್ತಿತ್ತು, ನನಗೂ ಹೊಟ್ಟೆ ತುಂಬುತ್ತಿತ್ತು.

ಹದಿನಾಲ್ಕು ವರ್ಷದ ಮೇಲೆ ಆ ಖುಷಿ ಎಲ್ಲಿ ಇಳಿದುಹೋಯಿತೋ ಗೊತ್ತಾಗಲಿಲ್ಲ. ಫೋನಿನಲ್ಲಿ ಅದೇ ಮಾತು.

"ಮೇಡಂ, ಪ್ರಿಂಟ್ ಬರ್ತಿಲ್ಲ."

"ಸ್ಕ್ರೀನ್ ಮೇಲೆ ಏನ್ ತೋರಿಸ್ತು?"

"ಏನೋ ಇಂಗ್ಲಿಷಲ್ಲಿ ಬಂತು. ಓಕೆ ಒತ್ಬಿಟ್ವಿ."

ಇದನ್ನು ದಿನಕ್ಕೆ ನಾಲ್ಕು ಸಲ ಕೇಳಿದರೆ ಐದನೆಯವರ ಮೇಲೆ ಸಿಟ್ಟೂ ಬರುವುದಿಲ್ಲ. ಬೆನ್ನು ಮಾತ್ರ ನೋಯುತ್ತದೆ. ಸ್ಕೂಟರಿನ ನೋವು ಬೇರೆ, ಮೇಜಿನ ಕೆಳಗೆ ತೂರಿ ವೈರು ಹುಡುಕುವ ನೋವು ಬೇರೆ.

ನಾನು ಹೇಳಬೇಕೆಂದಿರುವುದು ಮಾಕಳಿದುರ್ಗದ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಡೆದದ್ದು. ಆ ಶಾಲೆಗೆ ನಾನು ಏಳೆಂಟು ವರ್ಷದಿಂದ ಹೋಗುತ್ತಿದ್ದೆ. ಅಲ್ಲಿನ ಕಚೇರಿಯಲ್ಲಿದ್ದವರು ಒಬ್ಬರೇ ಗುಮಾಸ್ತೆ, ಐವತ್ತು ದಾಟಿದ ಹೆಂಗಸು. ನಾನು ಅಕ್ಕ ಎನ್ನುತ್ತಿದ್ದೆ. ಸಾಸಲು ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಸೇರಿಸಿಕೊಳ್ಳುವುದು, ಟಿಸಿ ಕೊಡುವುದು, ಹಾಜರಿ, ಇಲಾಖೆಯ ಆನ್‌ಲೈನ್ ಮಾಹಿತಿ, ಪರೀಕ್ಷೆಯ ಅರ್ಜಿ, ಎಲ್ಲಾ ಅವರದೇ. ಕಂಪ್ಯೂಟರ್ ಬರುವ ಮುಂಚೆ ಟೈಪ್‌ರೈಟರಿನಲ್ಲಿ ಕೆಲಸ ಕಲಿತವರಾದ್ದರಿಂದ ಕೀಬೋರ್ಡನ್ನು ಬಲವಾಗಿ ಕುಟ್ಟುತ್ತಿದ್ದರು. ವರ್ಷಕ್ಕೊಂದು ಕೀಬೋರ್ಡ್ ಬದಲಾಯಿಸಿಕೊಟ್ಟಿದ್ದೇನೆ.

ಮುಖ್ಯೋಪಾಧ್ಯಾಯರು ಗಣಿತದ ಮೇಷ್ಟ್ರು. ಕೆಟ್ಟವರಲ್ಲ. ಆದರೆ ಅವರ ದನಿ ತರಗತಿಯಲ್ಲಿ ಎಷ್ಟು ಎತ್ತರವೋ ಕಚೇರಿಯಲ್ಲೂ ಅಷ್ಟೇ. ಒಂದು ಹಾಳೆ ತಡವಾದರೆ ಇಡೀ ಕಾರಿಡಾರಿಗೆ ಕೇಳುವ ಹಾಗೆ "ಏನಮ್ಮಾ, ಇನ್ನೂ ಆಗ್ಲಿಲ್ವಾ?" ಎನ್ನುತ್ತಿದ್ದರು. ಅಕ್ಕ "ಆಯ್ತು ಸಾರ್" ಎಂದು ತಲೆ ಎತ್ತದೆ ಹೇಳುತ್ತಿದ್ದರು. ನಾನು ಮೇಜಿನ ಕೆಳಗೆ ಕೂತು ಇದನ್ನು ಎಷ್ಟೋ ಸಲ ಕೇಳಿದ್ದೆ. ಎಲ್ಲಾ ಆಫೀಸಿನಲ್ಲೂ ಒಂದೊಂದು ಇಂಥ ದನಿ ಇರುತ್ತದೆ, ಅದರ ಕಡೆಗೆ ನನ್ನ ಕಿವಿ ಮಂದವಾಗಿತ್ತು.

ಆ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಅಲ್ಲಿ ಎರಡು ಬದಲಾವಣೆ ಆಗಿದ್ದವು. ಇಂಟರ್ನೆಟ್ಟಿನವರು ಬಂದು ಹಳೆಯ ಮೋಡೆಮ್ ತೆಗೆದು ಹೊಸದು ಹಾಕಿಹೋಗಿದ್ದರು. ಅದಾದ ಕೆಲವು ದಿನದಲ್ಲಿ, ಕಚೇರಿಯ ಮಾಡು ಸೋರುತ್ತದೆಂದು ದೊಡ್ಡ ಪ್ರಿಂಟರನ್ನು ಮುಖ್ಯೋಪಾಧ್ಯಾಯರ ಕೋಣೆಗೆ ಸಾಗಿಸಿದ್ದರು. ನೆಟ್‌ವರ್ಕಿನಲ್ಲಿರುವ ಪ್ರಿಂಟರಿಗೆ ಮನೆ ನಂಬರಿನ ಹಾಗೆ ಒಂದು ನಂಬರ್ ಇರುತ್ತದೆ. ಮೋಡೆಮ್ ಬದಲಾದಾಗ ಆ ನಂಬರೂ ಬದಲಾಯಿತು. ಅಕ್ಕನ ಕಂಪ್ಯೂಟರ್ ಹಳೆಯ ನಂಬರಿಗೇ ಹಾಳೆ ಕಳಿಸುತ್ತಾ ಕೂತಿತ್ತು. ಆಗ ನಾನು ರಜೆಯಲ್ಲಿದ್ದೆ. ಏಜೆನ್ಸಿಯಿಂದ ಬೇರೆ ಯಾರೋ ಹೋಗಿ, ಹಳೆಯದನ್ನು ಮುಟ್ಟದೆ, ಅದೇ ಪ್ರಿಂಟರನ್ನು ಹೊಸದಾಗಿ ಇನ್ನೊಮ್ಮೆ ಸೇರಿಸಿ ಬಂದಿದ್ದರು. ಆದ್ದರಿಂದ ಅಕ್ಕನ ಕಂಪ್ಯೂಟರಿನಲ್ಲಿ ಒಂದೇ ಪ್ರಿಂಟರಿನ ಹೆಸರು ಎರಡು ಸಲ ಇತ್ತು. ಒಂದು ಜೀವಂತ, ಇನ್ನೊಂದು ಸತ್ತದ್ದು. ಐದು ತಿಂಗಳು ಹೀಗೇ ನಡೆಯಿತು.

ನವೆಂಬರಿನಲ್ಲಿ ಒಂದು ದಿನ ಮಧ್ಯಾಹ್ನ ನನಗೆ ಫೋನ್ ಬಂತು. ಬೆಳಿಗ್ಗೆಯೇ ಹೊಸಕೋಟೆಗೆ ಹೋಗಿ, ಒಂದು ನರ್ಸಿಂಗ್ ಹೋಮಿನಲ್ಲಿ ಮೂರು ಗಂಟೆ ಇದೇ ಬಗೆಯ ಜಗಳ ಬಿಡಿಸಿ, ಊಟವಿಲ್ಲದೆ ದೇವನಹಳ್ಳಿ ದಾಟುತ್ತಿದ್ದೆ.

"ಬೇಗ ಬಾಮ್ಮ," ಅಂದರು ಅಕ್ಕ. "ಹಾಳೆ ತುಂಬಾ ಏನೇನೋ ಗೀಚು ಬರ್ತಿದೆ. ಮೇಲೆ ಒಂದು ಸಾಲು, ಆಮೇಲೆ ಖಾಲಿ. ಒಂದಾದ ಮೇಲೆ ಒಂದು ಬರ್ತಾನೇ ಇದೆ. ಪೇಪರ್ ಎಲ್ಲಾ ಮುಗೀತು."

"ಡ್ರೈವರ್ ಪ್ರಾಬ್ಲಮ್ ಇರ್ಬೇಕಕ್ಕ. ಪ್ರಿಂಟರ್ ಆಫ್ ಮಾಡ್ಬಿಡಿ, ಬರ್ತೀನಿ."

ನಾನು ಹೋಗಿ ಮುಟ್ಟುವಷ್ಟರಲ್ಲಿ ಕಚೇರಿಯ ಬೆಂಚಿನ ಮೇಲೆ ಶಾಲೆಯ ವ್ಯಾನಿನ ಡ್ರೈವರ್ ಕೂತಿದ್ದರು. ಫೋನಿನ ಮಾತನ್ನು ಅರ್ಧ ಕೇಳಿಸಿಕೊಂಡ ಅಟೆಂಡರ್ ಅವರನ್ನು ಕರೆದು ಕೂರಿಸಿದ್ದ. "ನಂದೇನು ಪ್ರಾಬ್ಲಮ್ ಮೇಡಂ?" ಎಂದು ಅವರು ಕೇಳಿದರು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವತ್ತು "ನಿಮ್ದಲ್ಲ ಅಣ್ಣ, ಹೋಗಿ" ಎಂದಷ್ಟೇ ಹೇಳಿದೆ.

ಅವರ ಪಕ್ಕದಲ್ಲಿ ಒಬ್ಬ ತಂದೆ ಟಿಸಿಗಾಗಿ ಕಾಯುತ್ತಿದ್ದರು. ಬೆಳಿಗ್ಗೆ ಹತ್ತರಿಂದ ಕೂತಿದ್ದೀನಿ ಅಂದರು, ದೂರುವ ದನಿಯಲ್ಲೂ ಅಲ್ಲ. ಮಗಳನ್ನು ತುಮಕೂರಿನ ಕಡೆ ಅಜ್ಜಿ ಮನೆಯ ಶಾಲೆಗೆ ಸೇರಿಸಬೇಕಿತ್ತಂತೆ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಆ ದನಿ ಬಂತು.

"ಏನಮ್ಮಾ, ಬಂದ್ರಾ ಅವ್ರು?"

"ಬಂದ್ರು ಸಾರ್," ಅಂದರು ಅಕ್ಕ.

ನಾನು ಅಕ್ಕನ ಕುರ್ಚಿಯಲ್ಲಿ ಕೂತೆ. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಹಿಂದಿನ ದಿನ ಕಂಪ್ಯೂಟರ್ ತಾನೇ ಅಪ್‌ಡೇಟ್ ಆಗಿ, ಜೀವಂತವಾಗಿದ್ದ ಪ್ರಿಂಟರಿನ ಡ್ರೈವರನ್ನು ತೆಗೆದು ಎಲ್ಲದಕ್ಕೂ ಆಗುವಂಥ ಒಂದು ಸಾಮಾನ್ಯ ಡ್ರೈವರ್ ಹಾಕಿಕೊಂಡಿತ್ತು. ಎಲ್ಲದಕ್ಕೂ ಆಗುವುದು ಈ ಹಳೆಯ ಯಂತ್ರಕ್ಕೆ ಆಗುತ್ತಿರಲಿಲ್ಲ. ಸರಿಯಾದ ಡ್ರೈವರ್ ತೆಗೆದುಕೊಳ್ಳೋಣವೆಂದರೆ ಶಾಲೆಯ ಇಂಟರ್ನೆಟ್ ತೆವಳುತ್ತಿತ್ತು. ಪ್ರಿಂಟರಿನ ಜೊತೆ ಬಂದಿದ್ದ ಸಿಡಿ ಎಲ್ಲಿ ಎಂದರೆ ಅಕ್ಕ ಬೀರುಗಳ ಕಡೆ ನೋಡಿದರು. ಮೂರು ಬೀರು ತುಂಬ ಕಾಗದ.

ಇಪ್ಪತ್ತು ನಿಮಿಷ ಡೌನ್‌ಲೋಡಿನ ಗೆರೆ ನೋಡಿಕೊಂಡು ಕೂತೆ. ಅರ್ಧಕ್ಕೆ ಬಂದು ಕಡಿದುಹೋಯಿತು. ಮತ್ತೆ ಹಾಕಿದೆ, ಮತ್ತೆ ಕಡಿಯಿತು. ನನ್ನ ಮೊಬೈಲಿನಿಂದ ತೆಗೆಯೋಣವೆಂದರೆ ಆ ಮೂಲೆಯಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ನಿಲ್ಲುತ್ತಿರಲಿಲ್ಲ. ಬೆನ್ನಿನ ಕೆಳಗೆ ನೋವು ಸೂಜಿಯ ಹಾಗೆ ಎದ್ದಿತ್ತು. ಆಗ ಸತ್ತ ಪ್ರಿಂಟರಿನ ಹೆಸರು ಕಣ್ಣಿಗೆ ಬಿತ್ತು. ಅದನ್ನು ತೆರೆದು ನೋಡಿದರೆ ಹಳೆಯ, ಸರಿಯಾದ ಡ್ರೈವರ್ ಅದರಲ್ಲಿ ಹಾಗೇ ಇತ್ತು. ಯಾರೂ ಬಳಸದ್ದರಿಂದ ಅಪ್‌ಡೇಟೂ ಅದರ ತಂಟೆಗೆ ಹೋಗಿರಲಿಲ್ಲ. ನಂಬರ್ ಒಂದು ತಿದ್ದಿದರೆ ಆಯಿತು, ಅದೇ ಬದುಕುತ್ತದೆ.

ಆದರೆ ಅದರ ಸಾಲಿನಲ್ಲಿ ಏಳು ದಾಖಲೆಗಳು ಬಾಕಿ ನಿಂತಿದ್ದವು. ಜೂನಿನಲ್ಲಿ ನಂಬರ್ ಬದಲಾದಾಗ ಯಾರೋ ಒತ್ತಿದ್ದು, ಅಚ್ಚಾಗದೆ ಅಲ್ಲೇ ಉಳಿದಿದ್ದವು.

ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದೇ ಇದನ್ನು. ಏನನ್ನು ಮುಟ್ಟುವ ಮೊದಲೂ ಬಾಕಿ ಸಾಲನ್ನು ಖಾಲಿ ಮಾಡಬೇಕು. ಹೊಸಬರಿಗೆ ನಾನೇ ಇದನ್ನು ನೂರು ಸಲ ಹೇಳಿದ್ದೇನೆ. ಅವತ್ತು ನನಗೂ ನೆನಪಿತ್ತು. ಆದರೆ ಆ ಕಂಪ್ಯೂಟರಿನಲ್ಲಿ ಅಳಿಸು ಎಂದರೆ ಅಳಿಸುತ್ತಿದ್ದೇನೆ ಎಂದು ತೋರಿಸುತ್ತಾ ಹಾಗೇ ನಿಲ್ಲುತ್ತದೆ. ಆಮೇಲೆ ಪ್ರಿಂಟಿನ ಸೇವೆಯನ್ನು ನಿಲ್ಲಿಸಬೇಕು, ಒಳಗಿನ ಫೋಲ್ಡರಿಗೆ ಹೋಗಿ ಕೈಯಾರೆ ತೆಗೆಯಬೇಕು, ಮತ್ತೆ ಶುರು ಮಾಡಬೇಕು. ಇನ್ನೂ ಹತ್ತು ನಿಮಿಷ. ನನಗೆ ಆ ಹತ್ತು ನಿಮಿಷ ಬೇಡವಾಗಿತ್ತು. ಏಳು ಹಾಳೆ ದಂಡವಾಗುತ್ತದೆ, ಅಷ್ಟೇ ತಾನೇ ಅಂದುಕೊಂಡೆ. ಅಟೆಂಡರ್ ಕೈಲಿ ಪ್ರಿಂಟರಿಗೆ ಹಾಳೆ ತುಂಬಿಸಿ, ಆನ್ ಮಾಡಿಸಿ, ಹೊಸ ನಂಬರ್ ಹಾಕಿ ಓಕೆ ಒತ್ತಿದೆ.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಯಂತ್ರ ಗರಗರ ಅಂದಿತು. ಬೆಂಚಿನ ಮೇಲಿದ್ದ ತಂದೆ ನೆಟ್ಟಗೆ ಕೂತರು. "ಬಂತು," ಅಂದರು ಅಕ್ಕ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ. ನಾನು ಪರೀಕ್ಷೆಗೆಂದು ಒಂದು ಹಾಳೆ ಕಳಿಸಿದೆ. ಅದೂ ಬಂದಿರಬೇಕು.

ಆಮೇಲೆ ಮುಖ್ಯೋಪಾಧ್ಯಾಯರು ತಾವೇ ಬಾಗಿಲಿಗೆ ಬಂದರು. ಅವರು ಹಾಗೆ ಎದ್ದು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಇಲ್ಲಿ ಬನ್ನಿ ಇಬ್ರೂ," ಅಂದರು. ದನಿ ಕೆಳಗಿತ್ತು.

ಹೋದೆವು. ಮೇಜಿನ ಮೇಲೆ ಹಳೆಯ ಹಾಳೆಗಳು ಹರಡಿದ್ದವು. ಪೋಷಕರ ಸಭೆಯ ಒಂದು ನೋಟಿಸು, ಮಕ್ಕಳ ಪಟ್ಟಿ ಎರಡು, ಏನೋ ಒಂದು ರಸೀದಿ. ಅವರ ಕೈಯಲ್ಲಿ ಬೇರೆ ಮೂರು ಹಾಳೆ ಇದ್ದವು. ಮೂರೂ ಒಂದೇ ಪತ್ರ. ಪ್ರಿಂಟ್ ಬರದಿದ್ದಾಗ ಎಲ್ಲರೂ ಮಾಡುವಂತೆ ಮತ್ತೆ ಮತ್ತೆ ಒತ್ತಿದ್ದು.

ಅಕ್ಕ ದೂರದಿಂದಲೇ ಅದನ್ನು ಗುರುತಿಸಿದರು.

ಮುಖ್ಯೋಪಾಧ್ಯಾಯರು ತರಗತಿಯಲ್ಲಿ ಪಾಠ ಓದಿದ ಹಾಗೆ, ನಿಧಾನವಾಗಿ ಒಂದು ಸಾಲು ಓದಿದರು. "ಮಕ್ಕಳ ಎದುರಿಗೆ, ಪೋಷಕರ ಎದುರಿಗೆ ಗದರಿಸಿಕೊಂಡು ಕೆಲಸ ಮಾಡುವ ಶಕ್ತಿ ನನ್ನಲ್ಲಿ ಇನ್ನು ಉಳಿದಿಲ್ಲವಾದ್ದರಿಂದ, ದಯವಿಟ್ಟು ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ." ಪತ್ರ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಬರೆದದ್ದು.

"ಇದು ನನ್ ಬಗ್ಗೆನಾ?" ಅಂದರು.

"ಇಲ್ಲಿ ಗದರೋರು ಇನ್ಯಾರಿದ್ದಾರೆ ಸಾರ್," ಅಂದರು ಅಕ್ಕ. ಸಿಟ್ಟಿನಿಂದ ಅಲ್ಲ, ಬಸ್ಸಿನ ಸಮಯ ಕೇಳಿದರೆ ಹೇಳುವ ಹಾಗೆ ಹೇಳಿದರು.

"ಜೂನಿಂದು ಇದು. ಈಗ ಯಾಕೆ ಕೊಡ್ತಿದ್ದೀರಾ?"

"ನಾನು ಕೊಡ್ಲಿಲ್ಲ ಸಾರ್. ಅದೇ ಬಂತು."

ಮುಖ್ಯೋಪಾಧ್ಯಾಯರು ನನ್ನ ಕಡೆ ನೋಡಿದರು. ನನ್ನ ಬಾಯಲ್ಲಿ ಮಾತು ಸಿದ್ಧವಿತ್ತು, ತಪ್ಪು ನನ್ನದು ಸಾರ್, ಹಳೇದನ್ನ ಅಳಿಸ್ಬೇಕಿತ್ತು, ಅಳಿಸ್ಲಿಲ್ಲ. ಹೇಳಲಿಲ್ಲ. ಏಜೆನ್ಸಿಗೆ ದೂರು ಹೋಗುತ್ತದೆಂಬ ಹೆದರಿಕೆಯೇನೋ ಇತ್ತು. ಅದಕ್ಕಿಂತ ಹೆಚ್ಚಾಗಿ, ಆ ವಿಷಯವನ್ನು ಮೊದಲಿಂದ ಬಿಡಿಸಿ ಹೇಳುವ ತ್ರಾಣ ನನಗಿರಲಿಲ್ಲ. "ನೀವು ಸ್ವಲ್ಪ ಹೊರಗಿರಮ್ಮ," ಅಂದರು ಅವರು. ಹೊರಗೆ ಬಂದೆ.

ಬೆಂಚಿನ ಮೇಲೆ ಆ ತಂದೆಯ ಪಕ್ಕ ಕೂತೆ. "ಸರಿ ಹೋಯ್ತಾ ಮೇಡಂ?" ಅಂದರು. ಹೂಂ ಅಂದೆ. ಒಳಗೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಒಂದು ಸಲ ಅಟೆಂಡರ್ ಒಳಗೆ ಹೋಗಿ ಹೊರಗೆ ಬಂದು, ಮತ್ತೆ ಎರಡು ಲೋಟ ಹಿಡಿದು ಒಳಗೆ ಹೋದ.

ಕಾಲು ಗಂಟೆಯ ಮೇಲೆ ಅಕ್ಕ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಕಣ್ಣು ಒಣಗಿತ್ತು. ಟಿಸಿ ತೆರೆದು ಪ್ರಿಂಟ್ ಒತ್ತಿದರು. ಅಕ್ಷರಗಳೆಲ್ಲ ಒತ್ತು ಸಮೇತ ಸರಿಯಾಗಿ ಮೂಡಿದ್ದವು. ಸಹಿ, ಸೀಲು ಆಗಿ ತಂದೆಯ ಕೈ ಸೇರಿತು. ಅವರು ಕೈ ಮುಗಿದು ಹೊರಟರು. ಆಮೇಲೆ ಅಕ್ಕ ನನ್ನ ಕಡೆ ತಿರುಗಿದರು.

"ಆ ಕಾಗದ ಎಲ್ಲಿಂದ ಬಂತಮ್ಮ? ಅವತ್ತು ಒತ್ತಿದ್ದೆ, ಬರ್ಲಿಲ್ಲ. ಸೇವ್ ಕೂಡ ಮಾಡ್ದೆ ಮುಚ್ಬಿಟ್ಟೆ. ಕಂಪ್ಯೂಟ್ರಲ್ಲಿ ಅದು ಇರ್ಲೇ ಇಲ್ಲ."

"ಏನೋ ಅಕ್ಕ," ಅಂದೆ. "ಯಂತ್ರ ಅಲ್ವಾ, ಒಂದೊಂದ್ ಸಲ ಹಂಗೇ."

ಅವರು ತಲೆ ಆಡಿಸಿದರು. ನನ್ನ ಸರ್ವಿಸ್ ಚೀಟಿಯಲ್ಲಿ ಡ್ರೈವರ್ ಸರಿಪಡಿಸಿದೆ, ಪ್ರಿಂಟ್ ಬರುತ್ತಿದೆ ಎಂದು ಬರೆದೆ. ಅಕ್ಕ ಅದರ ಕೆಳಗೆ ಸಹಿ ಹಾಕಿಕೊಟ್ಟರು.

ಮತ್ತೆ ಆ ಶಾಲೆಗೆ ನಾನು ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ಕುರ್ಚಿಯಲ್ಲಿ ಬೇರೊಬ್ಬಳಿದ್ದಳು, ಬಿಕಾಂ ಮುಗಿಸಿದ ಹುಡುಗಿ, ಕೀಬೋರ್ಡನ್ನು ಸದ್ದಿಲ್ಲದೆ ಒತ್ತುತ್ತಿದ್ದಳು. ಅಕ್ಕ ಡಿಸೆಂಬರ್ ಕೊನೆಗೆ ಬಿಟ್ಟರಂತೆ. ಆಡಳಿತ ಮಂಡಳಿಯವರು ಒಂದು ಶಾಲು ಹೊದಿಸಿ ಕಳಿಸಿದರಂತೆ. ಮುಖ್ಯೋಪಾಧ್ಯಾಯರು ನನ್ನನ್ನು ಕಂಡು ಸುಮ್ಮನೆ ತಲೆ ಆಡಿಸಿದರು. ಕಚೇರಿಯಲ್ಲಿ ನಾನು ಒಂದು ಗಂಟೆ ಇದ್ದೆ. ಅಷ್ಟು ಹೊತ್ತೂ ಅವರ ದನಿ ಕೋಣೆಯಿಂದ ಆಚೆ ಬರಲಿಲ್ಲ. ಅದು ಒಳ್ಳೆಯದೋ ಅಲ್ಲವೋ ಎಂದು ಯೋಚಿಸಲೂ ನನಗೆ ಮನಸ್ಸಾಗಲಿಲ್ಲ.

ಆವತ್ತಿನಿಂದ ನನಗೆ ಒಂದು ಬಗೆಯ ಕಿರಿಕಿರಿ ಹತ್ತಿತು. ಅಕ್ಕನ ಇಪ್ಪತ್ತೆರಡು ವರ್ಷದ ಕೆಲಸ ಹೋಯಿತು, ನಾನು ಹತ್ತು ನಿಮಿಷ ಉಳಿಸಿಕೊಂಡದ್ದಕ್ಕೆ. ಊಟಕ್ಕೆ ಕೂತರೆ ಅದೇ ನೆನಪು. ಗಂಡನಿಗೆ ಹೇಳಿದೆ. ಅವರು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್, ದಿನವಿಡೀ ಜನರ ಜೊತೆ ಏಗುವವರು. "ನೀನೇನು ಆ ಕಾಗದ ಬರ್ದಾ? ಬರ್ದೋರು ಅವ್ರು. ಬಿಡು," ಅಂದರು. ಬಿಡಲು ನೋಡಿದೆ. ಆಗಲಿಲ್ಲ. ಫೆಬ್ರವರಿಯ ಮೊದಲ ಭಾನುವಾರ ಅಕ್ಕನಿಗೆ ಫೋನ್ ಮಾಡಿ, ಬರ್ತೀನಿ ಅಂದೆ.

ಅಕ್ಕನ ಊರು ಸಾಸಲು ದಾಟಿ ಒಳಗೆ. ಮನೆಯ ಮುಂದೆ ರಾಗಿ ಹುಲ್ಲಿನ ಬಣವೆ, ಪಕ್ಕದಲ್ಲಿ ಎರಡು ಸೀಮೆಹಸು. ಅಕ್ಕ ಜಗಲಿಯ ಮೇಲೆ ಅವರೆಕಾಳು ಹಿತುಕುತ್ತಾ ಕೂತಿದ್ದರು. ಅವರೆಯ ಕಾಲ ಮುಗಿಯುತ್ತಾ ಬಂದಿತ್ತು, ಕೊನೆಯ ಕಾಯಿ ಎಂದರು. ನೆನೆದ ಕಾಳನ್ನು ಬೆರಳಿನ ನಡುವೆ ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕೆಂದು ಪಾತ್ರೆಗೆ ಬೀಳುತ್ತಿತ್ತು. ಅವರ ಮುಖ ಸ್ವಲ್ಪ ತುಂಬಿಕೊಂಡಿತ್ತು. ನನಗೆ ಅವರನ್ನು ಕುರ್ಚಿಯ ಹೊರಗೆ ನೋಡಿ ಅಭ್ಯಾಸವಿರಲಿಲ್ಲ, ಏನೋ ಬೇರೆಯವರನ್ನು ನೋಡಿದ ಹಾಗಾಯಿತು.

ಕಾಫಿ ಆದಮೇಲೆ ನಾನೂ ಪಾತ್ರೆಗೆ ಕೈ ಹಾಕಿದೆ. ಹೇಗಿದ್ದೀರಿ ಅಂದೆ.

"ಮಧ್ಯಾಹ್ನ ಮಲಗ್ತೀನಿ ಕಣಮ್ಮ," ಅಂದರು. "ಮೊದ್ಲು ಒಂದು ತಿಂಗಳು ಬರೀ ಮಲಗಿದ್ದೇ. ನಮ್ಮತ್ತೆ ಡಾಕ್ಟ್ರಿಗೆ ತೋರಿಸೋಣ ಅಂದ್ರು. ಕಾಯಿಲೆ ಅಲ್ಲ ಅತ್ತೆ, ಹಳೇ ನಿದ್ದೆ ಬಾಕಿ ಇತ್ತು ಅಂದೆ."

"ಅವತ್ತು ಒಳಗೆ ಏನಾಯ್ತಕ್ಕ?"

ಅವರು ಕೈ ನಿಲ್ಲಿಸದೆ ಹೇಳಿದರು. "ಸಾರ್ ಕಾಫಿ ತರ್ಸಿದ್ರು. ಇಷ್ಟು ವರ್ಷದಲ್ಲಿ ಅದೇ ಮೊದ್ಲು. ಕೂತ್ಕೊಳಿ ಅಂದ್ರು. ನನಗೆ ಗೊತ್ತೇ ಆಗ್ಲಿಲ್ಲ, ನನ್ ದನಿ ಹಂಗೆ ಅಂದ್ರು. ಅವ್ರಿಗೂ ಬಿಪಿ ಅಂತೆ, ಮನೇಲೂ ಏನೋ ತಾಪತ್ರಯ ಅಂತೆ. ಆಮೇಲೆ ಮೂರೂ ಹಾಳೆ ಸೇರ್ಸಿ ಹಿಡ್ಕೊಂಡು, ಹರಿದು ಹಾಕ್ಲಾ ಅಂತ ಕೇಳಿದ್ರು. ನಾವು ಮರ್ತುಬಿಡೋಣ, ಇನ್ಮೇಲೆ ಹಂಗೆ ಆಗಲ್ಲ ಅಂದ್ರು."

ನನ್ನ ಬೆರಳು ಕಾಳಿನ ಮೇಲೆ ನಿಂತಿತು. "ಹರೀರಿ ಅನ್ನಬಹುದಿತ್ತಲ್ಲ ಅಕ್ಕ."

"ಅಂತಿದ್ದೆ. ಜೂನಿನಲ್ಲಿ ಬರೆದ ಮಾತು ನವೆಂಬರಿಗೆ ಯಾರಿಗೆ ಬೇಕು? ಬರ್ದಿದ್ದು ಒಂದು ಕೆಟ್ಟ ದಿನ. ಆಮೇಲೆ ನಾನೇ ಮರ್ತಿದ್ದೆ." ಪಾತ್ರೆಯಿಂದ ಒಂದು ಸಿಪ್ಪೆ ಆರಿಸಿ ಹಾಕಿದರು. "ಆದ್ರೆ ಯೋಚ್ನೆ ಮಾಡು. ಸೇವ್ ಮಾಡಿಲ್ಲ, ಎಲ್ಲೂ ಇಲ್ಲ, ಐದು ತಿಂಗಳಾಗಿದೆ. ತಾನಾಗೇ, ಅವ್ರ ಕೋಣೇಲೇ, ಅವ್ರ ಕೈಗೇ ಬರ್ಬೇಕು ಅಂದ್ರೆ? ನಮ್ ಮನೆದೇವ್ರೇ ಕಳ್ಸಿದ್ದು ಅನ್ನಿಸ್ತು. ದೇವ್ರು ಕೊಟ್ಟ ಕಾಗದ ಹರೀಬಾರ್ದು. ತಾರೀಖು ತಿದ್ದಿ ಕಳ್ಸಿ ಸಾರ್ ಅಂದೆ."

ನಾನು ಹೇಳಲೆಂದು ಬಂದವಳು. ಈಗ ಹೇಳುವುದೋ ಬಿಡುವುದೋ ತಿಳಿಯದಾಯಿತು. ಅವರು ಇಷ್ಟು ನೆಮ್ಮದಿಯಾಗಿರುವಾಗ ಸುಮ್ಮನೆ ಕಾಳು ಹಿತುಕಿ ಎದ್ದು ಬರಬಹುದಿತ್ತು. ಆದರೆ ಒಂದು ಸಲ ಸುಳ್ಳು ಹೇಳಿದ್ದರ ಭಾರವೇ ನನ್ನನ್ನು ಅಲ್ಲಿಯವರೆಗೆ ತಂದಿತ್ತು. ಎರಡನೆಯದನ್ನು ಹೊತ್ತು ಹಿಂದಕ್ಕೆ ಹೋಗಲು ನನ್ನಿಂದಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಮೋಡೆಮ್, ನಂಬರ್, ಸತ್ತ ಪ್ರಿಂಟರಿನ ಸಾಲಿನಲ್ಲಿ ನಿಂತಿದ್ದ ಏಳು ದಾಖಲೆ, ಅಳಿಸಬೇಕಾಗಿದ್ದದ್ದು, ಸುಸ್ತಾಗಿ ಅಳಿಸದೆ ಬಿಟ್ಟದ್ದು.

ಅಕ್ಕ ಪೂರ್ತಿ ಕೇಳಿದರು. ಎಷ್ಟೋ ವರ್ಷ ನಾನು ಪ್ರಿಂಟರಿನ ವಿಷಯ ಹೇಳುವಾಗಲೆಲ್ಲ ಅವರು ಹೀಗೆಯೇ ಕೇಳುತ್ತಿದ್ದರು, ಅರ್ಥವಾಗದಿದ್ದರೂ ಗೌರವ ಕೊಟ್ಟು.

"ಅಂದ್ರೆ ದೇವ್ರಲ್ಲ," ಅಂದರು ಕೊನೆಗೆ.

"ಅಲ್ಲ ಅಕ್ಕ. ನಾನು."

"ಅವತ್ತೇ ಹೇಳ್ಬಾರ್ದಿತ್ತಾ? ನಾನು ಕೇಳ್ದೆ ನಿನ್ನ."

"ಕೇಳಿದ್ರಿ. ಹೇಳೋಕೆ ಆಗ್ಲಿಲ್ಲ."

ಅವರು ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಗೋಡೆಗೆ ಒರಗಿದರು. ಹಸುವೊಂದು ಹಗ್ಗ ಜಗ್ಗುತ್ತಿತ್ತು. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅತ್ತರೆ ಏನು ಮಾಡುವುದು ಎಂದೂ ಅನ್ನಿಸಿತು. ಅವರು ಎರಡನ್ನೂ ಮಾಡಲಿಲ್ಲ.

"ದೇವ್ರು ಅನ್ಕೊಳ್ದಿದ್ರೆ ನಾನು ಹರೀರಿ ಅಂತಿದ್ದೆ," ಅಂದರು. "ಇನ್ನೂ ಅಲ್ಲೇ ಇರ್ತಿದ್ದೆ."

"ಗೊತ್ತಕ್ಕ. ಅದಕ್ಕೇ ಬಂದೆ."

"ಈಗ ಹೋಗಿ ಕೇಳಿದ್ರೆ ತಗೋತಾರಾ?"

ಕೇಳಿದವರೇ ಕೈ ಅಡ್ಡ ಆಡಿಸಿದರು. "ಬೇಡ ಬಿಡು. ಆ ಎರಡು ಬಸ್ಸು ನೆನೆಸ್ಕೊಂಡ್ರೆ ಮಂಡಿ ಈಗ್ಲೇ ನೋಯುತ್ತೆ." ಮತ್ತೆ ಪಾತ್ರೆ ಎಳೆದುಕೊಂಡರು. "ನಿಂಗೂ ಸುಸ್ತಾಗಿತ್ತು, ನಂಗೂ ಸುಸ್ತಾಗಿತ್ತು. ಇಬ್ರ ಸುಸ್ತೂ ಸೇರಿ ಆಯ್ತು."

ಬಹಳ ಹೊತ್ತು ಇಬ್ಬರೂ ಕಾಳು ಹಿತುಕಿದೆವು. ನನ್ನ ಹೆಬ್ಬೆರಳಿನ ತುದಿ ನೆನೆದು ಬಿಳಿಚಿಕೊಂಡಿತು. ಒಳಗೆ ಅವರ ಅತ್ತೆ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದರು. ಅಕ್ಕ ಆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಅತ್ತೆಗೆ ಹೇಳ್ಬೇಡ. ಮನೆಯವ್ರಿಗೂ ಹೇಳ್ಬೇಡ. ಅವ್ರೆಲ್ಲ ದೇವ್ರು ಬಿಡಿಸ್ದ ಅಂತ ಊರಿಗೆಲ್ಲ ಹೇಳ್ಕೊಂಡಿದ್ದಾರೆ. ಹರಕೆನೂ ತೀರ್ಸಾಯ್ತು."

"ಹೇಳಲ್ಲ ಅಕ್ಕ."

"ನಾನೂ ನಂಬ್ಕೊಂಡೇ ಇರ್ತೀನೇನೋ," ಅಂದರು. "ನಿನ್ ಕೈಯಲ್ಲಿ ಅಳಿಸ್ದೇ ಇರೋ ಹಾಗೆ ಮಾಡಿದ್ದು ಯಾರು ಅಂತ ಕೇಳಿದ್ರೆ ನೀನೇನ್ ಹೇಳ್ತೀಯಾ?"

ಅವರು ಬೇಳೆಯ ಪಾತ್ರೆ ಎತ್ತಿಕೊಂಡು ಎದ್ದರು.

ಊಟ ಮಾಡಿಕೊಂಡೇ ಹೋಗು ಅಂದರು. ಮುದ್ದೆ, ಹಿತಕಿದವರೆ ಸಾರು. ಹಸಿವಿನಲ್ಲಿ ಎರಡು ಮುದ್ದೆ ಉಂಡೆ. ಸಾರಿನ ಘಾಟಿಗೆ ಮೂಗು, ಕಣ್ಣು ಎರಡೂ ಸುರಿದವು. ಅಕ್ಕ ನೀರಿನ ಚೊಂಬು ಸರಿಸಿದರು. ಹೊರಡುವಾಗ ರಸ್ತೆಯವರೆಗೆ ಜೊತೆಗೆ ಬಂದರು. ನಾನು ಸ್ಕೂಟರ್ ತಿರುಗಿಸಿಕೊಂಡ ಮೇಲೆ ಹತ್ತಿರ ಬಂದರು.

"ಆ ಹೊಸ ಹುಡುಗಿ ಹೆಂಗಿದ್ದಾಳೆ?"

"ಚೆನ್ನಾಗ್ ಮಾಡ್ತಾಳೆ ಅಕ್ಕ. ಚೂಟಿ."

"ಅವ್ಳಿಗೊಂದು ಹೇಳು. ಕಿಟಕಿ ಪಕ್ಕದ ಬೀರು ಇದೆಯಲ್ಲ, ಅದ್ರ ಕೆಳಗಿನ ಅರೇಲಿ ಹಳೇ ದಾಖಲಾತಿ ರಿಜಿಸ್ಟರ್ ಇಟ್ಟಿದ್ದೀನಿ. ಇಲಿ ನುಗ್ಗುತ್ತೆ. ಯಾರಾದ್ರೂ ಹುಟ್ಟಿದ ತಾರೀಖು ಅಂತ ಬಂದ್ರೆ ಅದೊಂದೇ ಆಧಾರ. ಮೇಲಿನ ಅರೆಗೆ ಇಡು ಅಂತ ಹೇಳು. ನಾನು ಹೇಳೋದು ಮರ್ತುಬಂದೆ."

ಹೇಳ್ತೀನಿ ಅಂದೆ. ಮುಂದಿನ ವಾರ ಆ ದಾರಿಯಲ್ಲಿ ಹೋಗುವಾಗ ಬೇರೆ ಕೆಲಸವಿಲ್ಲದಿದ್ದರೂ ಶಾಲೆಯ ಬಳಿ ನಿಲ್ಲಿಸಿ, ಒಳಗೆ ಹೋಗಿ ಆ ಹುಡುಗಿಗೆ ಹೇಳಿದೆ. ಅವಳು ಬೀರು ತೆರೆದಳು. ಇಬ್ಬರೂ ಮಂಡಿಯೂರಿ ಕೂತು ಆ ದಪ್ಪ ಪುಸ್ತಕಗಳನ್ನು ಒಂದೊಂದಾಗಿ ಧೂಳು ಕೊಡವಿ ಮೇಲಿನ ಅರೆಗೆ ಇಟ್ಟೆವು. ಒಂದರ ಮೂಲೆಯನ್ನು ಇಲಿ ಆಗಲೇ ಸ್ವಲ್ಪ ತಿಂದಿತ್ತು. ಅಕ್ಷರಗಳಿಗೆ ಏನೂ ಆಗಿರಲಿಲ್ಲ.